ಹಗುರಾದ ಈಟಿ

ಮೂರನೆಯ ಅಂಗಿಯನ್ನೂ ತೊಟ್ಟು ಬಿಚ್ಚುವಾಗ ಅವನಿಗೆ ತನ್ನ ಮೇಲೆ ತನಗೇ ನಗು ಬಂತು. ಮದುವೆಯ ದಿನವೂ ಅವನು ಬಟ್ಟೆಗೆ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ತಿಳಿನೀಲಿಯದರಲ್ಲಿ ತೀರ ಪ್ರಾಮಾಣಿಕನ ಹಾಗೆ ಕಾಣುತ್ತಿದ್ದ, ಇವತ್ತಿನ ಮಟ್ಟಿಗೆ ಅದು ಮೋಸವೇ ಸರಿ. ಬಿಳಿಯದರಲ್ಲಿ ಕಂಕುಳ ಬೆವರು ಊರಿಗೆಲ್ಲ ಕಾಣುತ್ತಿತ್ತು. ಕೊನೆಗೆ ಯಾರ ಬಗ್ಗೆಯೂ ಏನನ್ನೂ ಹೇಳದ ಒಂದು ಚೌಕಳಿ ಅಂಗಿ ತೊಟ್ಟು, ಅದರ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ತಿಂಡಿಗೆ ಬಂದ. ಹೆಂಡತಿ ಗುಂಡಿ ಸರಿಮಾಡಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನಕ್ಕೆ ಮೂವತ್ತು ಜನರ ಮುಖವನ್ನು ಗೇಣು ದೂರದಿಂದ ನೋಡಿ ನೋಡಿ ಪಳಗಿದವಳ ಮುಂದೆ ಯಾರ ಗುಟ್ಟೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನಿಮ್ಮ ಆ ಸ್ನೇಹಿತನೂ ಇವತ್ತಿನ ಮೀಟಿಂಗಿಗೆ ಬರುತ್ತಾನಾ ಎಂದು ಕೇಳಿದಳು. ಬರಬಹುದು ಎಂದು ಅವನು ಲೋಟದೊಳಗೆ ನೋಡುತ್ತ ಹೇಳಿದ.

ಆ ಸ್ನೇಹಿತ ಹುಟ್ಟಿ ಐದು ತಿಂಗಳಾಗಿತ್ತು. ತನ್ನದೇ ತಪ್ಪನ್ನು ಹೊರಲಾರದೆ ಒಂದು ಭಾನುವಾರ ಬಟ್ಟೆ ಮಡಚುತ್ತ, ನಮ್ಮ ಆಫೀಸಿನಲ್ಲಿ ಒಬ್ಬ ಸ್ನೇಹಿತನಿದ್ದಾನೆ, ಪಾಪ, ಅವನಿಗೆ ಹೀಗಾಗಿದೆ ಎಂದು ಅವನು ಹೆಂಡತಿಗೆ ಹೇಳಿದ್ದ. ಅವಳು ಸ್ನೇಹಿತನ ಹೆಸರು ಕೇಳಲಿಲ್ಲ, ಅದೇ ಅವಳ ದೊಡ್ಡತನ. ಕೈಯಲ್ಲಿದ್ದ ಟವೆಲು ಕೊಡವಿ, ನಮ್ಮಲ್ಲೂ ಹಾಗೇ ಎಂದಳು. ಕಣ್ಣಿಗೆ ಒಂದು ಗಾಜು ಹಾಕಿ, ತೆಗೆದು, ಅದೇ ಗಾಜನ್ನು ಮತ್ತೆ ಹಾಕಿ, ಈಗ ಹೇಗಿದೆ ಅಂತ ಕೇಳಿದರೆ ಹತ್ತರಲ್ಲಿ ಆರು ಜನ ಈಗ ಚೆನ್ನಾಗಿದೆ ಅನ್ನುತ್ತಾರಂತೆ. ಅವರೇನೂ ಸುಳ್ಳು ಹೇಳುವುದಿಲ್ಲ, ನಿಜವಾಗಿ ಇನ್ನೊಂದು ಸಾಲು ಓದುತ್ತಾರಂತೆ. ಆಮೇಲೆ ನೀನೇನು ಮಾಡುತ್ತೀಯ ಎಂದು ಅವನು ಆಸೆಯಿಂದ ಕೇಳಿದ. "ಅದೇ ಗಾಜು ಅಂತ ಹೇಳಿಬಿಡ್ತೀನಿ, ಇನ್ನೇನು ಮಾಡ್ಲಿ," ಎಂದಳು ಅವಳು. ಅದು ಅವನಿಗೆ ಬೇಕಾಗಿದ್ದ ಉತ್ತರವಾಗಿರಲಿಲ್ಲ.

ಹದಿಮೂರು ವರ್ಷದಿಂದ ಅವನದು ಒಂದೇ ಕೆಲಸ, ವಿಡಿಯೊ ಗೇಮಿನೊಳಗಿನ ಅಂಕಿಗಳನ್ನು ಹದಕ್ಕೆ ತರುವುದು. ಆಟದ ಯೋಧ ಎಷ್ಟೆತ್ತರ ಹಾರಬೇಕು, ಕೊಡಲಿಯ ಒಂದೇಟಿಗೆ ಎಷ್ಟು ಪ್ರಾಣ ಹೋಗಬೇಕು, ಎಸೆದ ಈಟಿ ಎಷ್ಟು ಹೊತ್ತಿಗೆ ಕೈಗೆ ಮರಳಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಚಿತ್ರ ಬರೆದವರ ಹೆಸರು ಜನಕ್ಕೆ ಗೊತ್ತು, ಸಂಗೀತ ಹಾಕಿದವರಿಗೆ ಅಭಿಮಾನಿಗಳಿದ್ದಾರೆ. ಇವನದು ಅಡುಗೆಯಲ್ಲಿ ಉಪ್ಪಿನ ಪಾಡು, ಸರಿಯಿದ್ದರೆ ಯಾರೂ ಹೆಸರೆತ್ತುವುದಿಲ್ಲ, ಚೂರು ಹೆಚ್ಚುಕಮ್ಮಿಯಾದರೆ ಲೋಕವೇ ಬೈಯುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವನು ಇವತ್ತು ಹೇಳಬೇಕಾದ ಮಾತುಗಳನ್ನು ತುಟಿಯಲ್ಲೇ ಜೋಡಿಸುತ್ತಿದ್ದ. ಎದುರು ಸೀಟಿನಲ್ಲಿ ಯೂನಿಫಾರಂ ತೊಟ್ಟ ಇಬ್ಬರು ಹುಡುಗಿಯರು ಒಂದೇ ಫೋನಿಗೆ ತಲೆ ತಾಗಿಸಿಕೊಂಡು ಅವನದೇ ಆಟ ಆಡುತ್ತಿದ್ದರು. ಒಬ್ಬಳು ಈಟಿ ಎಸೆದಳು, ಅದು ಗಿರಕಿ ಹೊಡೆದು ಕೈಗೆ ಬಂತು. ಮುಂಚೆ ಎಷ್ಟು ನಿಧಾನ ಇತ್ತು ಗೊತ್ತಾ, ಈಗ ನೋಡು ಹೇಗೆ ಬರುತ್ತೆ ಎಂದು ಅವಳು ಹೆಮ್ಮೆಯಿಂದ ಗೆಳತಿಗೆ ಹೇಳಿದಳು. ಗೆಳತಿ ಹೌದಲ್ವಾ ಎಂದಳು. ಅವನು ಇಳಿಯಬೇಕಾದ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದು ನಡೆದ.

ಒಂಬತ್ತು. ಅದು ಒಂಬತ್ತೇ. ಸೆಕೆಂಡಿನ ಹತ್ತು ಪಾಲಿನಲ್ಲಿ ಒಂಬತ್ತು ಪಾಲು. ಎಸೆದ ಈಟಿ ಕೈಗೆ ಬರಲು ಮೂರು ವರ್ಷದ ಹಿಂದೆ ಎಷ್ಟು ಹೊತ್ತು ಬೇಕಾಗಿತ್ತೋ ಇವತ್ತೂ ಅಷ್ಟೇ ಬೇಕು. ಕಂಪನಿ ವರ್ಷಕ್ಕೊಮ್ಮೆ ಆರು ಜನ ವೃತ್ತಿಪರ ಆಟಗಾರರನ್ನು ಕರೆಸಿ, ಊಟ ಹಾಕಿ, ಅವರ ಮಾತು ಕೇಳುವ ಪದ್ಧತಿ ಇಟ್ಟುಕೊಂಡಿತ್ತು. ಹೋದ ವರ್ಷದ ಆ ದಿನ ಆರಕ್ಕೆ ಆರೂ ಜನ ಈಟಿ ನಿಧಾನ ಎಂದರು. ಎಲ್ಲರಿಗಿಂತ ಹೆಚ್ಚು ಹೇಳಿದವಳು ಅಳಿಲು. ಅದು ಆಟದಲ್ಲಿ ಅವಳು ಇಟ್ಟುಕೊಂಡ ಹೆಸರು, ಈಗ ಮನೆಯವರೂ ಹಾಗೇ ಕರೆಯುತ್ತಾರಂತೆ. ಇಪ್ಪತ್ತೆರಡರ ಹುಡುಗಿ, ಕೂತಲ್ಲಿ ಕೂರದ ಜೀವ. ಅವಳು ತನ್ನ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ತೋರಿಸಿ, "ಎಸೆದ ಮೇಲೆ ಕೈ ಖಾಲಿ ಇರುತ್ತೆ ಸರ್. ಆ ಹೊತ್ತು ಎಷ್ಟು ಉದ್ದ ಅಂತ ನಿಮಗೆ ಗೊತ್ತಿಲ್ಲ," ಎಂದಿದ್ದಳು. ಅವನು ಬರೆದುಕೊಂಡ. ಬರೆದುಕೊಳ್ಳುವುದರಲ್ಲಿ ಅವನು ನಿಸ್ಸೀಮ. ಅವನ ಲ್ಯಾಪ್‌ಟಾಪಿನಲ್ಲಿ 'ನೋಡೋಣ' ಎಂಬ ಫೋಲ್ಡರಿತ್ತು. ಏಳು ವರ್ಷದಿಂದ ಆಟಗಾರರು ಹೇಳಿದ ನಾನೂರಕ್ಕೂ ಮೇಲ್ಪಟ್ಟ ಸಲಹೆಗಳು ಅದರೊಳಗೆ ಹಾಯಾಗಿ ಮಲಗಿದ್ದವು. ಆಟದೊಳಕ್ಕೆ ನಿಜವಾಗಿ ಹೋದವು ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ಕಂಪನಿಯವರು ಮೊದಲೇ ಮಾಡಬೇಕೆಂದುಕೊಂಡಿದ್ದವೇ. ಆದರೆ ಆ ಹುಡುಗಿಯ ಖಾಲಿ ಅಂಗೈ ಅವನ ಮನಸ್ಸಿನಿಂದ ಹೋಗಲಿಲ್ಲ. ಈ ಒಂದನ್ನಾದರೂ ಮಾಡೇ ಮಾಡುತ್ತೇನೆ ಎಂದುಕೊಂಡ.

ಮಾಡಿದ ಕೂಡ. ತನ್ನ ಮಷೀನಿನಲ್ಲಿದ್ದ ಪ್ರತಿಯಲ್ಲಿ ಒಂಬತ್ತನ್ನು ಅಳಿಸಿ ಏಳು ಮಾಡಿದ, ನೂರು ಸಲ ಎಸೆದು ನೋಡಿದ, ಖುಷಿಯಾಯಿತು. ಆಟಗಾರರ ಕೋರಿಕೆಯ ಮೇರೆಗೆ ಈಟಿಯನ್ನು ಹಗುರ ಮಾಡಲಾಗಿದೆ, ಒಂಬತ್ತರ ಬದಲು ಏಳಕ್ಕೇ ಕೈಗೆ ಮರಳುತ್ತದೆ ಎಂದು ಪ್ರಕಟಣೆ ಬರೆದು ಕಳಿಸಿದ. ಇನ್ನು ಉಳಿದದ್ದು ತನ್ನ ಪ್ರತಿಯನ್ನು ಎಲ್ಲರ ಪ್ರತಿಗೆ ಸೇರಿಸುವುದು, ಒಂದು ಗುಂಡಿ ಒತ್ತುವ ಕೆಲಸ. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ತಲೆ ಹಾಕಿ ಕೇಕು ಮುಗಿದು ಹೋಗುತ್ತೆ ಬಾರಯ್ಯ ಎಂದರು. ಕೆಲಸ ಬಿಡುತ್ತಿದ್ದವರೊಬ್ಬರ ಬೀಳ್ಕೊಡುಗೆಯ ಕೇಕು. ಅವನು ಹೋದ, ಎರಡು ತುಂಡು ತಿಂದ, ಬೀಳ್ಕೊಡುಗೆಯ ಮಾತು ಕೇಳಿ ಕಣ್ಣಲ್ಲಿ ನೀರು ತಂದುಕೊಂಡ, ವಾಪಸು ಬಂದು ಮಷೀನು ಮುಚ್ಚಿ ಮನೆಗೆ ಹೋದ. ಪ್ರಕಟಣೆ ಹೊರಬಿತ್ತು, ಏಳು ಒಳಗೇ ಉಳಿಯಿತು. ಮಾರನೆಯ ದಿನ ಬೆಳಗ್ಗೆ ಜನ ಈಟಿಯನ್ನು ಹಾಡಿ ಹೊಗಳುತ್ತಿದ್ದರು. ಈಗ ನೋಡಿ ಈಟಿ ಕೈಗೆ ಕೂತಿತು ಎಂದರು, ಹೂವಿನ ಹಾಗಿದೆ ಎಂದರು. ಆರು ಜನರಲ್ಲೊಬ್ಬ, ಯಾರು ಹೊಡೆದರೂ ಅಲುಗದೆ ನಿಲ್ಲುವುದರಿಂದ ಗೋಡೆ ಎಂದೇ ಹೆಸರಾದ ಆಟಗಾರ, ಒಂಬತ್ತಕ್ಕೂ ಏಳಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ ನಲವತ್ತು ನಿಮಿಷದ ವಿಡಿಯೊ ಮಾಡಿದ. ಅದನ್ನು ಇವನು ಊಟ ಮಾಡುತ್ತ ಪೂರ್ತಿ ನೋಡಿದ್ದ, ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾನೆ ಎಂದು ಮೆಚ್ಚಿಕೊಂಡಿದ್ದ. ಎರಡು ತಿಂಗಳಿಗೆ ಅಳಿಲು ಅದೇ ಈಟಿ ಹಿಡಿದು ವರ್ಷದ ದೊಡ್ಡ ಟೂರ್ನಮೆಂಟು ಗೆದ್ದಳು. ಕಪ್ಪನ್ನು ಎದೆಗವಚಿಕೊಂಡು ವೇದಿಕೆಯ ಮೇಲಿನಿಂದ, ಕಂಪನಿಯವರು ನಮ್ಮ ಮಾತು ಕೇಳುತ್ತಾರೆ, ಅದಕ್ಕೆ ಈ ಈಟಿಯೇ ಸಾಕ್ಷಿ ಎಂದಳು. ಆಫೀಸಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು. ಮರುದಿನ ಇನ್ನೇನನ್ನೋ ಹುಡುಕಲು ಎಲ್ಲರ ಪ್ರತಿಯ ಫೈಲು ತೆರೆದಾಗ ಒಂಬತ್ತು ಕಣ್ಣಿಗೆ ಬಿತ್ತು. ಅವನು ಫೈಲು ಮುಚ್ಚಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ, ಕೈ ತೊಳೆದುಕೊಂಡು ಬಂದ. ಕೈ ಯಾಕೆ ತೊಳೆದೆ ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಗುಟ್ಟಾಗಿ ಈಗ ಏಳು ಮಾಡಿಬಿಡಬಹುದಿತ್ತು. ಆದರೆ ಈಟಿ ಅತಿಯಾಗಿ ಹಗುರಾಯಿತೆಂದು ಸೋತವರೆಲ್ಲ ಆಗಲೇ ಗೊಣಗುತ್ತಿದ್ದರು. ನಿಜವಾಗಿ ಹಗುರ ಮಾಡಿದರೆ ಮನೆಗೇ ಬಂದು ಹೊಡೆದಾರು. ಹೇಳಿಬಿಡಬಹುದಿತ್ತು. ಮೊದಲ ವಾರ ಹೇಳಿದ್ದರೆ ತಮಾಷೆಯಾಗಿ ಮುಗಿಯುತ್ತಿತ್ತು, ಎರಡನೆಯ ವಾರ ತಪ್ಪಾಯಿತು, ತಿಂಗಳು ಕಳೆದ ಮೇಲೆ ಅದಕ್ಕೆ ಮೋಸವೆಂದೇ ಹೆಸರು. ಅವನು ಅಂಗೈಯಲ್ಲಿ ಜೀವ ಹಿಡಿದುಕೊಂಡು ಐದು ತಿಂಗಳು ಕಳೆದ. ಹೋದ ಸೋಮವಾರ ಮೇಡಂ, ಅಂದರೆ ಅವನ ವಿಭಾಗದ ಮುಖ್ಯಸ್ಥೆ, ಈ ಸಲ ಆಟಗಾರರು ಬಂದಾಗ ಮೊದಲ ಮಾತು ನಿಮ್ಮದೇ, ಈಟಿಯ ಕಥೆ ಹೇಳಿ ಎಂದರು. ಆಟಗಾರರ ಮಾತಿನಿಂದ ಆಟ ಬದಲಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಇರುವ ಒಳ್ಳೇ ಉದಾಹರಣೆ ಅದೊಂದೇ ಅಲ್ಲವೇ ಎಂದು ನಕ್ಕರು. ಅವನೂ ನಕ್ಕ. ಕೂದಲು ಕತ್ತರಿಸುವವನ ಕುರ್ಚಿಯಲ್ಲಿ ಕೂತಾಗ ನಗುವ ಹಾಗೆ, ತಲೆ ಅಲ್ಲಾಡಿಸದೆ ನಕ್ಕ.

ಮೀಟಿಂಗ್ ರೂಮಿನಲ್ಲಿ ಆರೂ ಜನ ಬಂದು ಕೂತಾಗಿತ್ತು. ಒಬ್ಬ ನೀರಿನ ಬಾಟಲಿಯ ಮುಚ್ಚಳವನ್ನು ಬೆರಳ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದ, ಗೋಡೆ ಎರಡು ಕುರ್ಚಿಯ ಜಾಗ ಹಿಡಿದು ಕೂತಿದ್ದ, ಅಳಿಲು ಮಾತ್ರ ಈ ಸಲ ಅಲ್ಲಾಡದೆ ಕೂತಿದ್ದಳು. ಅದು ಅವನ ಕಣ್ಣಿಗೆ ಮೊದಲು ಬಿತ್ತು. ಅವಳಿಗೆ ಗೊತ್ತಾಗಿಬಿಟ್ಟಿದೆ ಎಂದುಕೊಂಡ. ಇಷ್ಟು ಸಾವಿರ ಗಂಟೆ ಈಟಿ ಎಸೆದವಳಿಗೆ ಗೊತ್ತಾಗದೆ ಇರುತ್ತದೆಯೇ, ಎಲ್ಲರೆದುರು ಕೇಳಲು ಕಾದಿದ್ದಾಳೆ. ಹಾಗೆ ಅಂದುಕೊಂಡ ಕೂಡಲೇ ಒಂದು ರೀತಿಯ ನಿರಾಳವೂ ಆಯಿತು. ಅವಳೇ ಕೇಳಿದರೆ ತಾನು ಶುರುಮಾಡುವ ಕಷ್ಟ ತಪ್ಪಿತಲ್ಲ. ಪರದೆಯ ಮೇಲೆ ನೀವು ಹೇಳಿದಿರಿ, ನಾವು ಕೇಳಿದೆವು ಎಂಬ ಸಾಲು ಬಂತು. ಅದರ ಕೆಳಗೆ ಒಂಬತ್ತು, ಒಂದು ಬಾಣದ ಗುರುತು, ಏಳು. ಏಳಕ್ಕೆ ಮೇಡಂ ಹಸಿರು ಬಣ್ಣ ಹಾಕಿಸಿದ್ದರು. ಅವನು ಎರಡು ವಾಕ್ಯ ಹೇಳಿದ, ಎರಡೂ ಯಾವುದೋ ಅಕ್ಕಪಕ್ಕದ ಮನೆಯ ದನಿಯಂತೆ ಕೇಳಿಸಿದವು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಳಿಲು ಕೈ ಎತ್ತಿದಳು.

ಸರಿ, ಬಂತು ಎಂದುಕೊಂಡು ಅವನು ಮೇಜಿನ ಅಂಚು ಹಿಡಿದ. ಆದರೆ ಅವಳು ಕೇಳಿದ್ದು ಬೇರೆ. "ಸರ್, ಆ ಈಟಿನ ಮೊದಲಿನ ಹಾಗೇ ಮಾಡಿಬಿಡಿ," ಎಂದಳು. ರೂಮಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವಳು ಪರದೆಯ ಹಸಿರು ಏಳನ್ನೇ ನೋಡುತ್ತ ಒಂದೇ ಉಸಿರಿಗೆ ಹೇಳಿಕೊಂಡಳು. ಕಪ್ಪು ಗೆದ್ದ ದಿನದಿಂದ ಅದನ್ನು ಕಂಪನಿ ಕೊಟ್ಟ ಕಪ್ಪು ಎಂದೇ ಜನ ಆಡಿಕೊಳ್ಳುತ್ತಿದ್ದಾರೆ. ಇವಳು ಕೇಳಿದಳು, ಅವರು ಇವಳ ಕೈಗೆ ಒಪ್ಪುವ ಹಾಗೆ ಈಟಿ ಹಗುರ ಮಾಡಿಕೊಟ್ಟರು, ಇವಳು ಗೆದ್ದಳು, ಇದರಲ್ಲೇನು ಹೆಚ್ಚುಗಾರಿಕೆ ಎನ್ನುತ್ತಾರೆ. ಜನದ ಮಾತು ಹಾಳಾಗಿ ಹೋಗಲಿ. ಅವಳ ಅಪ್ಪ ತಕ್ಕಡಿ ರಿಪೇರಿ ಮಾಡುವವರು, ಊರಿನ ಅಂಗಡಿಗಳ ತೂಕವೆಲ್ಲ ಅವರ ಕೈಯಲ್ಲಿ ಸರಿಯಾಗುತ್ತದೆ. ಪ್ರಕಟಣೆಯನ್ನು ಅವರೂ ಓದಿದ್ದಾರೆ. ಬೈಯಲಿಲ್ಲ, ಕಪ್ಪನ್ನು ಒಂದು ಚೀಲದಲ್ಲಿ ಹಾಕಿ ಬೀರುವಿನ ಮೇಲಿಟ್ಟರು. ಯಾಕಪ್ಪ ಎಂದು ಕೇಳಿದ್ದಕ್ಕೆ, ತಟ್ಟೆ ನಿನ್ನ ಕಡೆ ಬಾಗಿಸಿ ತೂಗಿದ್ದಲ್ವೇನಮ್ಮ ಎಂದರಂತೆ. ಈಟಿ ಮೊದಲಿನ ಹಾಗಾಗಲಿ, ಮುಂದಿನ ಸಲ ಅದೇ ಭಾರದ ಈಟಿಯಲ್ಲಿ ಗೆದ್ದು ತೋರಿಸುತ್ತೇನೆ, ಆಗದಿದ್ದರೆ ಆಟ ಬಿಡುತ್ತೇನೆ ಎಂದಳು.

ಇಷ್ಟು ಸಲೀಸಾದ ದಾರಿಯನ್ನು ದೇವರು ಯಾರಿಗೂ ತೋರಿಸಿರಲಾರ. ಆಗಲಿ ಎಂದರೆ ಸಾಕು. ಆಟಗಾರ್ತಿಯ ಕೋರಿಕೆಯ ಮೇರೆಗೆ ಈಟಿಯನ್ನು ಮತ್ತೆ ಒಂಬತ್ತಕ್ಕೆ ತರಲಾಗಿದೆ ಎಂದು ಒಂದು ಸಾಲು ಬರೆದರೆ, ಪ್ರಕಟಣೆಯೂ ಫೈಲೂ ಒಂದಾಗಿ, ಸುಳ್ಳು ಎಂಬುದು ಇತ್ತೆಂಬ ಗುರುತೂ ಉಳಿಯುವುದಿಲ್ಲ. ಒಂದು ಬೆರಳನ್ನೂ ಎತ್ತದೆ ಎರಡನೆಯ ಸಲ ಹೊಗಳಿಸಿಕೊಳ್ಳಬಹುದು. ಮೇಡಂ ಆಗಲೇ ಬಹಳ ಒಳ್ಳೆಯ ಸಲಹೆ ಎಂಬಂತೆ ತಲೆದೂಗುತ್ತಿದ್ದರು, ಗೋಡೆಯಂತೂ ಒಂಬತ್ತಕ್ಕೆ ಹೋದರೆ ಭಾರ ತಕ್ಷಣ ಗೊತ್ತಾಗುತ್ತದೆ, ಕೈಗೆ ಅಭ್ಯಾಸವಾಗಲು ಎರಡು ವಾರ ಬೇಕು ಎಂದು ಪಕ್ಕದವನಿಗೆ ತಿಳಿಹೇಳುತ್ತಿದ್ದ. ಇದನ್ನೆಲ್ಲ ಕೇಳುತ್ತ ನಿಂತಿದ್ದ ಇವನಿಗೆ ಏನೋ ಉಕ್ಕಿ ಬಂತು. ಅಳು ಎಂದುಕೊಂಡ. ಬಾಯಿಗೆ ಬಂದಾಗ ಅದು ನಗುವಾಗಿತ್ತು. ಅವನು ನಕ್ಕ, ಕೈ ಅಡ್ಡ ಇಟ್ಟುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಳಿಲಿನ ಮುಖ ಕೆಂಪೇರುತ್ತಿರುವುದು ಕಂಡಿತು. ಹುಡುಗಿ ತನ್ನ ಕಪ್ಪನ್ನು ಬೀರುವಿನ ಮೇಲಿಟ್ಟ ದುಃಖ ಹೇಳಿಕೊಂಡರೆ ಎದುರಿಗೆ ನಿಂತು ಹಲ್ಲು ಕಿರಿಯುವ ಮನುಷ್ಯ ತಾನಾಗಿದ್ದೇನೆ ಎಂಬುದು ತಿಳಿದು ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಯೇ ಮಿಕ್ಕ ಎಲ್ಲ ನಾಚಿಕೆಗಿಂತ ದೊಡ್ಡದಾಗಿ ಬಾಯಿ ಬಿಡಿಸಿತು.

"ಅದು ಬದಲಾಗೇ ಇಲ್ಲ," ಎಂದ. "ಒಂಬತ್ತೇ ಇತ್ತು, ಈಗ್ಲೂ ಒಂಬತ್ತೇ. ನಾನು ಏಳು ಮಾಡಿದ್ದು ನನ್ನ ಮಷೀನಲ್ಲಿ. ಎಲ್ಲರದಕ್ಕೂ ಸೇರಿಸೋದು ಮರೆತು ಕೇಕ್ ತಿನ್ನೋಕೆ ಹೋದೆ."

ಯಾರಿಗೂ ಅರ್ಥವಾಗಲಿಲ್ಲ. ಅವನು ಸ್ಲೈಡು ಮುಚ್ಚಿ, ಎಲ್ಲರ ಪ್ರತಿಯ ಫೈಲು ತೆರೆದು ಪರದೆಯ ಮೇಲೆ ಹಾಕಿದ. ಸಾವಿರಾರು ಸಾಲುಗಳ ನಡುವೆ ಈಟಿಯ ಸಾಲು. ಅದರ ಮುಂದೆ ಒಂಬತ್ತು. ಅದರ ಪಕ್ಕ ಕೊನೆಯ ಸಲ ಯಾರಾದರೂ ಮುಟ್ಟಿದ ತಾರೀಖು, ಮೂರು ವರ್ಷ ಹಳೆಯದು. ಬುಗುರಿಯಾಗಿದ್ದ ಮುಚ್ಚಳ ನೆಲಕ್ಕೆ ಬಿದ್ದು ಉರುಳುತ್ತ ಮೇಡಂ ಚಪ್ಪಲಿಗೆ ತಾಗಿ ನಿಂತಿತು. ನನಗೆ ಆಗಲೇ ಅನುಮಾನ ಇತ್ತು ಎಂದು ಗೋಡೆ ಮೆಲ್ಲಗೆ ಶುರುಮಾಡಿದ, ಐದು ಜನ ಒಟ್ಟಿಗೆ ತಿರುಗಿ ನೋಡಿದ್ದಕ್ಕೆ ನಲವತ್ತು ನಿಮಿಷದ ವಿಡಿಯೊ ನೆನಪಾಗಿ ಸುಮ್ಮನಾದ. ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ಪರದೆ ನೋಡಿದರು. ಹಾಗಾದರೆ ಇಷ್ಟು ವರ್ಷ ಇವರನ್ನೆಲ್ಲ ಕರೆದು ಮಾತು ಕೇಳಿದ್ದು ಯಾತಕ್ಕೆ ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದರು. ಅವನು ನಾನೂರು ಸಲಹೆಗಳ ಫೋಲ್ಡರಿನ ಬಗ್ಗೆಯೂ ಹೇಳಿಬಿಟ್ಟ, ಮುಳುಗಿದವನಿಗೆ ಇನ್ನೇನು ಒದ್ದೆಯಾಗಬೇಕು. ಅಷ್ಟೂ ಸಲಹೆಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಆಟದೊಳಗೆ ಹೋಗದೆ ಇದ್ದ ಇದೊಂದೇ ಎಂಬುದು ಹೇಳುವಾಗಲೇ ಅವನಿಗೆ ಹೊಳೆಯಿತು. ಈಟಿ ಹಗುರಾಗಿದೆ ಎಂದು ನಂಬಿದವರು ಹೆದರದೆ ಎಸೆದರು. ಎಸೆತ ಬದಲಾಯಿತು, ಈಟಿ ಇದ್ದ ಹಾಗೇ ಇತ್ತು.

ಅಳಿಲು ಎದ್ದು ಪರದೆಯ ಹತ್ತಿರ ಹೋದಳು. ಬೈಯುತ್ತಾಳೆ, ಬೈಯಲಿ ಎಂದು ಅವನು ತಲೆ ತಗ್ಗಿಸಿ ನಿಂತ. ತಾರೀಖಿನ ಮೇಲೆ ಬೆರಳಿಟ್ಟು ಅವಳು ಎರಡು ಸಲ ಓದಿದಳು.

"ಫೈನಲ್ ದಿನ ಎಷ್ಟಿತ್ತು ಸರ್?"

"ಒಂಬತ್ತು."

"ಎದುರಿನವರ ಕೈಲಿದ್ದ ಈಟಿದು?"

"ಅದೂ ಒಂಬತ್ತು. ಎಲ್ಲಾರದೂ ಒಂದೇ."

ಅವಳು ಬೆರಳು ತೆಗೆಯಲಿಲ್ಲ. "ಹಾಗಾದ್ರೆ ಗೆದ್ದಿದ್ದು ನಾನೇ," ಎಂದಳು. ಜೋರಾಗಿ ಹೇಳಲಿಲ್ಲ, ಕಳೆದುಹೋದ ವಸ್ತು ತನ್ನದೇ ಜೇಬಿನಲ್ಲಿ ಸಿಕ್ಕಿದವರ ಹಾಗೆ ಹೇಳಿದಳು. ಆಮೇಲೆ ನಕ್ಕಳು, ನಕ್ಕವಳು ಕೂತಲ್ಲಿ ಕೂರದ ತನ್ನ ಹಳೆಯ ರೂಪಕ್ಕೆ ಬಂದು ಕುರ್ಚಿಗಳ ನಡುವೆ ನುಸುಳಿ ಬ್ಯಾಗಿನಿಂದ ಫೋನು ತೆಗೆದಳು. ಗೋಡೆ ಚಪ್ಪಾಳೆ ತಟ್ಟಿದ, ತಪ್ಪು ಹೊತ್ತಿನಲ್ಲಿ ತಟ್ಟಿದೆನೋ ಎಂದು ಅನುಮಾನಿಸಿ ನಿಲ್ಲಿಸಿದ, ಉಳಿದವರು ತಟ್ಟಿದ್ದರಿಂದ ಮತ್ತೆ ತಟ್ಟಿದ. ಮೇಡಂ ಅವನ ಹತ್ತಿರ ಬಂದು, ಈ ವಿಷಯ ಸಂಜೆಯೊಳಗೆ ನೀವೇ ಬರೆದು ಪ್ರಕಟಿಸಬೇಕು, ನಿಮ್ಮ ಹೆಸರು ಹಾಕಿ, ಕೇಕನ್ನೂ ಸೇರಿಸಿ ಎಂದರು. ನಾಳೆ ಲೋಕವೆಲ್ಲ ತನ್ನ ಕೇಕಿನ ಬಗ್ಗೆ ಮಾತಾಡುತ್ತದೆ ಎಂದು ಅವನಿಗೆ ಗೊತ್ತಾಯಿತು. ಆಗಲಿ ಎಂದ. ಐದು ತಿಂಗಳಿಂದ ಭುಜದ ಮೇಲೆ ಕೂತಿದ್ದ ಸ್ನೇಹಿತ ಇಳಿದು ಹೋಗಿದ್ದ, ಮೈ ಹಗುರಾಗಿತ್ತು, ಹಸಿವಾಗುತ್ತಿತ್ತು.

ಅಷ್ಟರಲ್ಲಿ ಅಳಿಲು ಫೋನನ್ನು ಅವನ ಕೈಗೆ ತುರುಕಿದಳು. ನಾನು ಹೇಳಿದರೆ ನಂಬುವುದಿಲ್ಲ, ನೀವೇ ಹೇಳಿ ಸರ್ ಎಂದಳು. ಆ ಕಡೆ ಕಬ್ಬಿಣದ ಮೇಲೆ ಕಬ್ಬಿಣ ಇಡುವ ಸದ್ದು ಕೇಳಿಸಿತು, ಆಮೇಲೆ ಯಾರು ಮಾತಾಡುತ್ತಿರುವುದು ಎಂದು ಕೇಳುವ ಒಂದು ಗಂಭೀರ ದನಿ. ಅವನು ತಾನು ಆಟದ ಕಂಪನಿಯವನೆಂದ, ಆ ಈಟಿಯನ್ನು ಹಗುರ ಮಾಡಬೇಕಾಗಿದ್ದವನು ತಾನೇ ಎಂದ. ಅತ್ತ ಕಡೆ ಸದ್ದು ನಿಂತಿತು.

"ನಾನು ಮಾಡಿಲ್ಲ ಸರ್," ಎಂದ ಅವನು. "ಮರೆತುಬಿಟ್ಟೆ. ಅವತ್ತು ಎಲ್ಲಾರ ಕೈಲೂ ಒಂದೇ ತೂಕದ ಈಟಿ ಇದ್ದಿದ್ದು. ನಿಮ್ಮ ಮಗಳು ಅವರಾಗೇ ಗೆದ್ದಿದ್ದು."

ಪರೀಕ್ಷೆ ಮಾಡಿ ನೋಡಿದ್ದೀರಾ ಎಂದು ದನಿ ಕೇಳಿತು. ನೋಡಿದ್ದೇನೆ, ಇಲ್ಲಿ ಎಂಟು ಜನ ನೋಡಿದ್ದಾರೆ, ತಾರೀಖು ಸಮೇತ ಇದೆ ಎಂದ. ಪಕ್ಕದಲ್ಲಿ ಅಳಿಲು ತನ್ನ ಅಂಗಿಯ ತೋಳನ್ನು ಕಚ್ಚಿಕೊಂಡು ನಿಂತಿದ್ದಳು. ಕೊನೆಗೆ ಆ ಕಡೆಯವರು ಮೂಗೆಳೆದುಕೊಂಡ ಸದ್ದು, ಕುರ್ಚಿ ಹಿಂದೆ ಸರಿದ ಸದ್ದು, ಯಾರನ್ನೋ ಕೂಗಿ ಕರೆದ ಸದ್ದು.

"ಒಂದು ನಿಮಿಷ ಇರಿ, ಇವಳಮ್ಮ ಬರ್ತಿದಾಳೆ," ಎಂದಿತು ಆ ದನಿ, ಈಗ ಅದು ಗಂಭೀರವಾಗಿರಲಿಲ್ಲ. "ಇನ್ನೊಂದು ಸಲ ಹೇಳಿ, ಅವಳೂ ಕೇಳ್ಲಿ."

ಅವನು ಫೋನನ್ನು ಕೈ ಬದಲಾಯಿಸಿ ಹಿಡಿದು, ನೆಟ್ಟಗೆ ನಿಂತು, ತಾನು ಏನೂ ಮಾಡಲಿಲ್ಲವೆಂಬುದನ್ನು ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಹೇಳತೊಡಗಿದ.